ಸೊನ್ನೆ ನೋಡಿ ಹತ್ತಿದೆ

ಮನೆ, ಅಡುಗೆಮನೆಯ ಮೇಜು
ಮಾರ್ಚ್ 9, ಭಾನುವಾರ

ನನ್ನ ಮೊಂಡು ತಮ್ಮನಿಗೆ,

ಹೇಗಿದ್ದೀಯಪ್ಪಾ? ಕಾಲಿನ ಬಾವು ಇಳಿಯಿತೇ? ಡಯಾಲಿಸಿಸ್ ಮಾಡಿಸಿಕೊಂಡು ಎದ್ದ ದಿನ ತಲೆ ಸುತ್ತುತ್ತದೆ ಎಂದಿದ್ದೆಯಲ್ಲ, ಆ ದಿನವಾದರೂ ಬಸ್ಸಿಗೆ ನೇತಾಡದೆ ಟ್ಯಾಕ್ಸಿ ಹಿಡಿಯುತ್ತಿದ್ದೀಯಾ? ಬಾಯಾರಿತೆಂದು ಅಳತೆ ಮೀರಿ ನೀರು ಕುಡಿಯಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮಾವ ಯಾವಾಗ ಬರುತ್ತಾನೆ ಎಂದು ಮಕ್ಕಳಿಬ್ಬರೂ ದಿನವೂ ನನ್ನ ತಲೆ ತಿನ್ನುತ್ತಾರೆ. ಫೋನು ಬಿಟ್ಟು ಪತ್ರ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ಕಿಡ್ನಿ ಎಂಬ ಮಾತು ಬಂದರೆ ಸಾಕು, ನಿನಗೆ ಥಟ್ಟನೆ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ರೋಗವಿಲ್ಲ.

ಆವತ್ತು ಡಾಕ್ಟರ ಕೋಣೆಯಲ್ಲಿ ನಡೆದದ್ದನ್ನು ನಾನು ಮರೆತಿಲ್ಲ. ಅಕ್ಕನ ಕಿಡ್ನಿ ತಮ್ಮನಿಗೆ ಹೊಂದುತ್ತದೆ, ಆದರೆ ಅಕ್ಕ ಇಷ್ಟು ತೂಗುತ್ತಿದ್ದರೆ ಆಪರೇಷನ್ ಮಾಡುವ ಹಾಗಿಲ್ಲ, ಎಂಬತ್ತು ಕಿಲೋದ ಒಳಗೆ ಬರಬೇಕು ಎಂದರು. ನಾನು ತಲೆ ತಗ್ಗಿಸಿ ಕೂತೆ. ನೀನು ನಕ್ಕೆ. “ಮೊದ್ಲು ನೀನು ಇಳಿ ಅಕ್ಕಾ, ಆಮೇಲೆ ನಾನು ಬೇಡ ಅನ್ನಲ್ಲ” ಎಂದು ಡಾಕ್ಟರ ಎದುರೇ ಮಾತು ಕೊಟ್ಟೆ. ಆ ನಗು ನನಗೆ ಅರ್ಥವಾಗದ್ದೇನಲ್ಲ. ಇವಳು ಈ ಜನ್ಮದಲ್ಲಿ ಇಳಿಯುವವಳಲ್ಲ, ಎರಡು ಮಕ್ಕಳ ತಾಯಿಯನ್ನು ಕೊಯ್ಯಿಸಿದ ಪಾಪ ತನಗೆ ತಪ್ಪಿತು ಎಂಬ ನೆಮ್ಮದಿಯ ನಗು ಅದು. ನನಗೆ ಪ್ರೀತಿಯೂ ಬಂತು, ಕೋಪವೂ ಬಂತು. ಕೋಪವೇ ಒಂದು ಕೈ ಹೆಚ್ಚು.

ದೇವರು ದೊಡ್ಡವನು, ಅದೇ ತಿಂಗಳು ನಮ್ಮ ಕಾರ್ಖಾನೆಯಲ್ಲಿ ಕೆಲಸಗಾರರ ತೂಕ ಇಳಿಸುವ ಕಾರ್ಯಕ್ರಮ ಶುರುವಾಯಿತು. ತಕ್ಕಡಿ ಮಾಡುವವರೇ ತಕ್ಕಡಿಗೆ ಭಾರವಾದರೆ ಹೇಗೆ ಎಂದು ಮ್ಯಾನೇಜರು ಭಾಷಣ ಬಿಗಿದರು. ಊಟದ ನಂತರ ಶೆಡ್ಡಿನ ಸುತ್ತ ನಡೆಯುವುದು ಕೆಲಸದ ಹೊತ್ತಿಗೇ ಸೇರುತ್ತದೆ, ಕ್ಯಾಂಟೀನಿನಲ್ಲಿ ಕರಿದದ್ದು ವಾರಕ್ಕೆ ಒಂದೇ ದಿನ, ಸೋಮವಾರ ನರ್ಸಮ್ಮನ ಎದುರು ತೂಕ. ಒಂದೊಂದು ಬೆಂಚೂ ಒಂದೊಂದು ತಂಡ, ಗೆದ್ದ ಬೆಂಚಿಗೆ ಶನಿವಾರ ಅರ್ಧ ದಿನ ರಜೆ. ಇನ್ನೊಂದು ಬೆಂಚಿನ ತೂಕದ ಯಂತ್ರವನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲವಾದ್ದರಿಂದ ಅವರವರು ಜೋಡಿಸಿದ ಯಂತ್ರದ ಮೇಲೇ ಅವರವರ ತೂಕ. ನಮ್ಮ ಬೆಂಚಿನಲ್ಲೇ ಪ್ಯಾಕಿಂಗ್ ಮಾಡುವ ಗುಂಡಣ್ಣ ನನ್ನ ಜೊತೆಗಾರ. “ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರಮ್ಮ. ನನಗೆ ಎರಡೂ ಬರಲ್ಲ” ಎನ್ನುತ್ತಲೇ ಹೆಸರು ಕೊಟ್ಟ. ಮೊದಲ ದಿನ ಅರ್ಧ ಸುತ್ತಿಗೇ ಇಬ್ಬರೂ ಗುಜರಿ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆವು. ಈಗ ನೋಡಬೇಕು ನಿನ್ನ ಅಕ್ಕನನ್ನು. ಸ್ಪ್ರಿಂಗಿನ ಪೆಟ್ಟಿಗೆ ಹೊತ್ತು ಉಗ್ರಾಣದ ಮೆಟ್ಟಿಲು ಹತ್ತುತ್ತೇನೆ, ಮೇಲೆ ಹೋಗಿ ಏದುಸಿರಿಲ್ಲದೆ ಜಗಳವನ್ನೂ ಆಡುತ್ತೇನೆ. ಕೆಲಸದ ಕೋಟಿನ ಗುಂಡಿಯನ್ನು ಎರಡು ಸಲ ಒಳಗೆ ಹಾಕಿಸಿದೆ. ಜಂಬ ಎಂದರೆ ಎನ್ನು, ನನಗೇನೂ ಬೇಜಾರಿಲ್ಲ.

ಆದರೆ ನಡುವೆ ಒಂದು ಫಜೀತಿಯಾಯಿತು. ನಾಚಿಕೆಯಾದರೂ ಪರವಾಗಿಲ್ಲ, ನಿನಗೆ ಹೇಳಲೇಬೇಕು. ಗುಂಡಣ್ಣನ ಪಾದ ಯಂತ್ರದ ತಟ್ಟೆಯಾಚೆ ಚಾಚುತ್ತದೆಂದು ಅದರ ಮೇಲೆ ಒಂದು ಮರದ ಹಲಗೆ ಹಾಕಿದ್ದೆವು. ಹಲಗೆಯ ಭಾರ ನಮ್ಮ ಲೆಕ್ಕಕ್ಕೆ ಬರಬಾರದಲ್ಲ, ಅದನ್ನು ಇಟ್ಟೇ ನಾನು ಯಂತ್ರವನ್ನು ಸೊನ್ನೆಗೆ ತಂದಿದ್ದೆ. ಪಾತ್ರೆಯ ತೂಕ ಕಳೆಯುವುದು ನಮಗೆ ಉಸಿರಾಟದಷ್ಟೇ ಅಭ್ಯಾಸ. ಹೋದ ತಿಂಗಳ ಒಂದು ಸೋಮವಾರ ನೆಲ ತೊಳೆಯುವಾಕೆ ಆ ಹಲಗೆಯನ್ನು ಬಿಸಿಲಿಗೆ ಒಣಗಲು ಇಟ್ಟಿದ್ದಾಳೆ. ನಾವು ಬರಿ ತಟ್ಟೆಯ ಮೇಲೇ ಸಾಲಾಗಿ ಹತ್ತಿದೆವು. ನನ್ನದು ಎಂಬತ್ತರೊಳಗೆ ಬಂತು. ಬೆಂಚೆಲ್ಲ ಚಪ್ಪಾಳೆ, ನರ್ಸಮ್ಮ ಅಪ್ಪಿಕೊಂಡರು, ರಜೆಯೂ ನಮಗೇ. ಊಟದ ಹೊತ್ತಿನಲ್ಲಿ ನಿನಗೆ ಪತ್ರ ಬರೆಯಲು ಕೂತೆ, ಒಂದು ಪುಟ ತುಂಬಿತ್ತು. ಯಂತ್ರ ಆರಿಸಿಲ್ಲವೆಂದು ನೆನಪಾಗಿ ಎದ್ದು ಹೋದರೆ ಅದರ ಮೇಲೆ ಯಾರೂ ಇಲ್ಲ, ಅಂಕಿ ಮಾತ್ರ ಸೊನ್ನೆಗಿಂತ ಎರಡು ಕಿಲೋ ಕೆಳಗೆ ನಿಂತಿದೆ. ಅದು ಹಲಗೆಯ ಭಾರ, ನಮ್ಮೆಲ್ಲರ ತೂಕವನ್ನೂ ಅಷ್ಟೇ ಕಡಿಮೆ ತೋರಿಸಿತ್ತು. ಊರಿಗೆಲ್ಲ ಸರಿಯಾದ ತೂಕ ಕಳಿಸುವ ನಾವು ಹತ್ತುವ ಮೊದಲು ಸೊನ್ನೆ ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಬೆಂಚಿನ ಮೇಲೆ ಕೂತು ಅತ್ತೇಬಿಟ್ಟೆ. ರಜೆಗಾಗಿ ಅಲ್ಲ. ಆಸ್ಪತ್ರೆಯ ಯಂತ್ರಕ್ಕೆ ನಮ್ಮ ಹಲಗೆಯ ಕಥೆ ಗೊತ್ತಿಲ್ಲವಲ್ಲ, ಅಲ್ಲಿ ಹೋಗಿ ನಿಂತು ಎರಡು ಕಿಲೋ ಹೆಚ್ಚು ಬಂದರೆ ನೀನು ಮತ್ತೆ ಅದೇ ನಗು ನಗುತ್ತೀಯ. ಎಲ್ಲರನ್ನೂ ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಗುಂಡಣ್ಣ “ಹಲಗೆ ಇಳಿಸಿದ ತೂಕಕ್ಕೆ ನಮಗ್ಯಾಕಮ್ಮ ರಜೆ? ವಾಪಸ್ ಕೊಡೋಣ. ಆದ್ರೆ ಆ ಎರಡು ಕಿಲೋ ಇಳಿಸದೆ ನಿನ್ನ ಬಿಡಲ್ಲ” ಎಂದ. ಕಾರ್ಯಕ್ರಮ ಆ ವಾರಕ್ಕೇ ಮುಗಿಯಿತು, ನಡಿಗೆ ನಿಲ್ಲಲಿಲ್ಲ. ತಮಗೇನೂ ಸಿಗದಿದ್ದರೂ ಇಡೀ ಬೆಂಚು ನನ್ನೊಬ್ಬಳಿಗಾಗಿ ಶೆಡ್ಡು ಸುತ್ತಿತು. ನಾನು ಸುಸ್ತೆಂದರೆ ಗುಂಡಣ್ಣ “ನಿನ್ನ ತಮ್ಮ ಕಾಯ್ತಾ ಇದಾನೆ, ನಡಿ” ಎನ್ನುವನು. ಕಾಯುತ್ತಿರುವುದು ಹೌದು, ನಾನು ಸೋಲಲಿ ಎಂದು ಕಾಯುತ್ತಿದ್ದಾನೆ ಎಂದು ನಾನು ಹೇಳಲಿಲ್ಲ.

ಮೊನ್ನೆ ಶುಕ್ರವಾರ ಆಸ್ಪತ್ರೆಯಲ್ಲಿ ನಿಂತೆ. ಹತ್ತುವ ಮೊದಲು ಬಗ್ಗಿ ಸೊನ್ನೆ ನೋಡಿದೆ, ಅಲ್ಲಿನ ನರ್ಸು ನಕ್ಕಳು. ಎಪ್ಪತ್ತೊಂಬತ್ತೂವರೆ. ಇಳಿದು ಸೊನ್ನೆ ನೋಡಿ ಇನ್ನೊಮ್ಮೆ ಹತ್ತಿದೆ. ಅಷ್ಟೇ. ನನ್ನ ಜೀವಮಾನದಲ್ಲಿ ಯಾವ ಅಂಕಿಯನ್ನೂ ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ.

ಊಟ ಬಿಡಬೇಡ, ಮಾತ್ರೆ ಮರೆಯಬೇಡ. ನನ್ನ ಆಯಸ್ಸಿನಲ್ಲೂ ಪಾಲು ತೆಗೆದುಕೊಂಡು ನೂರು ಕಾಲ ಬಾಳು.

ಇನ್ನು ಡುಮ್ಮಿ ಎಂದು ಕರೆದರೆ ಓಗೊಡದ,
ನಿನ್ನ ಅಕ್ಕ

ತಾ.ಕ.: ನಿನ್ನ ಭಾವ ಲಾರಿ ತೆಗೆದು ಹಾರ್ನು ಹೊಡೆಯುತ್ತಿದ್ದಾರೆ, ಪತ್ರ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಗುರುವಾರ ನೀನೂ ನಾನೂ ಆಸ್ಪತ್ರೆಗೆ ಬರಬೇಕಂತೆ. ಒಪ್ಪಿಗೆ ಪತ್ರಕ್ಕೆ ನನ್ನ ಸಹಿ ಆಗಿದೆ, ನಿನ್ನದೊಂದೇ ಬಾಕಿ. ಕಿಡ್ನಿ ಎಷ್ಟು ತೂಗುತ್ತದೆ ಎಂದು ನರ್ಸನ್ನು ಕೇಳಿದೆ, ಕಸುಬಿನ ಚಾಳಿ. ಸುಮಾರು ನೂರೈವತ್ತು ಗ್ರಾಂ ಅಂತೆ. ಯಾರಿಗೂ ಬೇಡದ ಹದಿನಾಲ್ಕು ಕಿಲೋ ಕಳೆದುಕೊಂಡು ಬಂದಿದ್ದೇನೆ ಕಣೋ, ನಿನಗೆ ಬೇಕಾದ ನೂರೈವತ್ತು ಗ್ರಾಂ ನನಗೆ ಭಾರವೇ? ಮಾತು ಕೊಟ್ಟವನು ನೀನು. ಗುರುವಾರ ಬಾ.