ಪಂಚಾಂಗ ಮುಚ್ಚಿಟ್ಟ ಮೇಲೆ

ಮಾನವಿ
16 ನವೆಂಬರ್ 2025

ಚಿ. ಸೌ. ಡಾಕ್ಟರ್ ಶ್ರೀವಲ್ಲಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಫೋನಿನಲ್ಲಿ ಹೇಳಬಹುದಿತ್ತಲ್ಲ ಅಂತೀಯಾ. ಹೇಳಲಾಗುವುದಿಲ್ಲ, ಅದಕ್ಕೇ ಈ ಕಾಗದ. ದೀಪಾವಳಿಗೇ ಬರೆಯಬೇಕಿತ್ತು, ತಡವಾಯಿತು, ಸಿಟ್ಟಾಗಬೇಡ. ಎಂದಿನಂತೆ ಮೇಲೆ ತಿಥಿ, ನಕ್ಷತ್ರ ಬರೆದಿಲ್ಲವೆಂದು ಹುಬ್ಬೇರಿಸಲೂ ಬೇಡ. ಕಾರಣ ಕೊನೆಗೆ ಹೇಳುತ್ತೇನೆ.

ಮೊದಲು ನಿನ್ನ ಸುದ್ದಿ. ಹೋದ ತಿಂಗಳು ರಾಯಚೂರಿನ ಹಿರಿಯರ ಸಭೆಯಲ್ಲಿ, ಉಳಿಯುವ ಆಸೆ ಇಲ್ಲದವರ ಉಸಿರಾಟದ ಮಷೀನು ತೆಗೆಯುವ ಬಗ್ಗೆ ನೀನು ಮಾತಾಡಿದೆಯಲ್ಲ, ಹಿಂದಿನ ಸಾಲಿನಲ್ಲಿ ನಾನೂ ನನ್ನ ಗೆಳೆಯ, ಕವಿತಾಳದ ಡ್ರಾಯಿಂಗ್ ಮಾಸ್ತರ ಹುಸೇನಪೀರನೂ ಕೂತಿದ್ದೆವು. ನಿನಗೆ ಗೊತ್ತಾಗಬಾರದೆಂದು ಮಫ್ಲರ್ ಸುತ್ತಿಕೊಂಡಿದ್ದೆ. ದೇವದುರ್ಗದ ವಿರೂಪಣ್ಣನವರು ಎದ್ದು, "ಯವ್ವಾ, ಹೊಲದ ಆಸೆಗೆ ಮಕ್ಕಳು ನಮ್ಮ ಮಷೀನು ತಗಸಿಬಿಟ್ರ ಹೆಂಗ?" ಎಂದರು. ಸಭೆ ನಕ್ಕಿತು. ನೀನು ನಗಲಿಲ್ಲ.

"ಅದಕ್ಕಽ ಯಪ್ಪಾ, ಕೋರ್ಟು ಹಾದಿ ತೋರಿಸ್ಯದ, ಪಕ್ಕಾ ಕಾಯ್ದೆನೂ ಆಗಬೇಕು. ಬರೇ ಮಕ್ಕಳ ಮಾತು ನಡಿಯಂಗಿಲ್ಲ. ಡಾಕ್ಟರರ ಎರಡು ಮಂಡಳಿ ಬ್ಯಾರೆ ಬ್ಯಾರೆ ನೋಡಿ, ಇನ್ನ ಉಳಿಯಂಗಿಲ್ಲ ಅಂದ ಮ್ಯಾಲಽ ಮಷೀನು ತಗೀತಾರ. ಸೂಜಿ ಚುಚ್ಚಿ ಸಾಯಿಸೋದು ಇದರಾಗ ಇಲ್ಲ," ಎಂದು ನೀನು ಬಿಡಿಸಿ ಹೇಳಿದೆ. ವಿರೂಪಣ್ಣನವರು ಕೈಮುಗಿದು ಕೂತರು. ಹುಸೇನಪೀರ ಗೊತ್ತಿದ್ದೂ ನನ್ನ ಪಕ್ಕೆಗೆ ತಿವಿದು, "ಮಾಸ್ತರ, ಹುಡುಗಿ ಯಾರದರೀ?" ಎಂದ. "ನಂದಽ!" ಎಂದೆ. ಮುಂದೆ ಕೂತವರೆಲ್ಲ ತಿರುಗಿ ನೋಡಿದರು.

ನನ್ನ ಶ್ವಾಸಕೋಶದ ಸ್ಥಿತಿ ನಿನಗೆ ಗೊತ್ತೇ ಇದೆ. ಈಗ ಬಚ್ಚಲಿಗೆ ಹೋಗಿ ಬರುವಷ್ಟರಲ್ಲೇ ದಮ್ಮು ಹತ್ತುತ್ತದೆ. ಆದ್ದರಿಂದ, ಉಳಿಯುವುದಿಲ್ಲವೆಂದು ಖಾತ್ರಿಯಾದ ಮೇಲೆ ನನ್ನನ್ನು ಮಷೀನಿನ ಮೇಲೆ ಇಡಬೇಡಿ ಎಂದು ನೋಟರಿಯ ಮುಂದೆ ಇಚ್ಛಾಪತ್ರ ಬರೆಸಿದೆ. ಹುಸೇನಪೀರ, ಪಕ್ಕದ ಮನೆಯ ಹಂಪಮ್ಮ ಸಾಕ್ಷಿ. ಅದರ ಪ್ರತಿ ಕೊಡಲು ಪುರಸಭೆ ಕಚೇರಿಗೆ ಹೋದರೆ ಗುಮಾಸ್ತ, "ತೀರ್ಕೊಂಡವರು ಯಾರ್ರಿ?" ಎಂದ. "ನಾನಪಾ. ಇನ್ನೂ ಆಗಿಲ್ಲ, ಇಲ್ಲೇ ನಿಂತೀನಿ," ಎಂದೆ. ಪಾಪ, ಎದ್ದು ತನ್ನ ಕುರ್ಚಿಯನ್ನೇ ಕೊಟ್ಟ. ಮೂವತ್ತೆಂಟು ವರ್ಷದ ಮಾಸ್ತರಿಕೆಯಲ್ಲಿ ಯಾವ ಕಾಗದಕ್ಕೂ ಇಷ್ಟು ಹೆಮ್ಮೆಯಿಂದ ಸಹಿ ಹಾಕಿರಲಿಲ್ಲ ನೋಡು.

ನನ್ನ ಮಾತು ನಿಂತಾಗ ನನ್ನ ಪರವಾಗಿ ಹೇಳುವವಳೆಂದು ನಿನ್ನ ಹೆಸರು ಬರೆಸಿದ್ದೇನೆ. ಯಾವ ಮುಖದಿಂದ ಕೇಳಲಿ? ಎರಡು ವರ್ಷದ ಹಿಂದೆ ನಿನ್ನ ಅವ್ವ ವೆಂಟಿಲೇಟರಿನಲ್ಲಿದ್ದಾಗ, "ಅಪ್ಪಾ, ಸಾಕು. ಅವ್ವಗ ತ್ರಾಸ ಆಗ್ಲಿಕ್ಕತ್ತದ," ಎಂದು ಬೇಡಿಕೊಂಡವಳು ನೀನು. "ನೀ ಡಾಕ್ಟರ್ ಆದಿ, ಮಗಳಾಗ್ಲಿಲ್ಲ," ಎಂದು ಎಲ್ಲರೆದುರು ಅಂದವನು ನಾನು. ಅಂದು ಸರಿಯಿದ್ದವಳು ನೀನೇ, ಮಗಳೇ. ಈಗ ಈ ಭಾರ ಹೊರಲು ಒಪ್ಪಿಕೋ.

ರಾಯರು ನಿನ್ನನ್ನೂ ಅಳಿಯಂದಿರನ್ನೂ ಸುಖವಾಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಪ್ಪ,
ಸಂಕರ್ಷಣ

ತಾ.ಕ.: ಅವ್ವ ಎದ್ದು ಬರುತ್ತಾಳೆಂಬ ಆಸೆಯಿಂದ ನಾನು ಹಠ ಹಿಡಿದೆನೆಂದು ನೀನು ಇಂದಿಗೂ ತಿಳಿದಿದ್ದೀಯ. ಅದು ಸುಳ್ಳು. ಪಂಚಮಿಯ ದಿನ ದೊಡ್ಡ ಡಾಕ್ಟರು, ಇನ್ನು ಆಸೆ ಇಲ್ಲ ಎಂದಾಗಲೇ ನಾನು ನಂಬಿದ್ದೆ. ಆದರೆ ಕೈಚೀಲದಲ್ಲಿ ಪಂಚಾಂಗವಿತ್ತು. ಏಕಾದಶಿಗೆ ಆರೇ ದಿನ. ಅಂದು ಪ್ರಾಣ ಹೋದರೆ ಅವಳಿಗೆ ವೈಕುಂಠವೆಂದು ಎಣಿಸಿ, ಅಲ್ಲಿಯವರೆಗೆ ಮಷೀನು ತೆಗೆಯಬೇಡಿ ಎಂದೆ. ಅಷ್ಟೂ ದಿನ ಅವಳ ಕಣ್ಣಂಚಿನಿಂದ ನೀರು ಇಳಿಯುತ್ತಿತ್ತು. ನಾನೇ ಒರೆಸುತ್ತಿದ್ದೆ. ಅವಳು ದಶಮಿಯ ಮಧ್ಯಾಹ್ನವೇ ಹೋದಳು. ನೋಟರಿ ಬೇಡವೆಂದರೂ ಇಚ್ಛಾಪತ್ರದ ಕೊನೆಯ ಸಾಲನ್ನು ನನ್ನ ಕೈಯಿಂದಲೇ ಬರೆದಿದ್ದೇನೆ: "ನನಗಾಗಿ ಯಾರೂ ತಿಥಿ ನೋಡಬಾರದು."