ಎರಡು ಅರ್ಧ ಕಳೆದ ಮೇಲೆ

ಮನೆ,
ಶನಿವಾರ, ಬಟ್ಟೆ ಒಣಹಾಕಿದ ಮೇಲೆ

ನನ್ನ ಮೊಳಕೆಗೆ,

ಅಮ್ಮನ ಮುತ್ತು, ಅದರ ಹಿಂದೆಯೇ ತಲೆಗೊಂದು ಮೊಟಕು. ಮುತ್ತು ಯಾಕೆಂದರೆ ನೀನು ಮಗಳು. ಮೊಟಕು ಯಾಕೆಂದು ಕಾಗದ ಮುಗಿಯುವಷ್ಟರಲ್ಲಿ ನಿನಗೇ ತಿಳಿಯುತ್ತದೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು ‘ಹ್ಞೂಂ’, ‘ಊಹ್ಞೂಂ’, ‘ಇಡ್ತೀನಿ’ ಎಂಬ ಮೂರೇ ಪದಗಳಲ್ಲಿ ಸಂಸಾರ ಮಾಡುವವಳು.

ಒಗೆಯುವ ಬಟ್ಟೆಯ ಜೊತೆ ಹಾಸ್ಟೆಲಿನಿಂದ ನೀನು ಕಳಿಸಿದ ಚೀಟಿ ಓದಿದೆ. ಮರುಪರೀಕ್ಷೆ ಮುಗಿಯೋವರೆಗೂ ಮನೆಗೆ ಬರಲ್ಲ, ಅಪ್ಪನ ಕೋಣೇಲಿ ಏನೋ ಇದೆ, ಅಪ್ಪ ಹೋಗಿ ಎರಡು ವರ್ಷ ಆಯ್ತು, ಇನ್ನೇನು ಉಳಿದಿದೆ ಅಂತ ಇಟ್ಕೊಂಡಿದೀಯ, ಆ ನರ್ಸಮ್ಮನಿಗೆ ಬಾಡಿಗೆಗೆ ಕೊಟ್ಟುಬಿಡು ಎಂದು ಬರೆದಿದ್ದೀಯ. ಕೊನೆಗೆ, ಪುಸ್ತಕದ ಲೆಕ್ಕಗಳಲ್ಲಿ ಓಡೋ ರೈಲುಗಳು ಸಾಕಾಗಿವೆ, ಅಪ್ಪನ ಥರ ಮನೇದೇ ಲೆಕ್ಕ ಮಾಡಿ ಕಳಿಸು ಅಂತ ಬೇರೆ.

ನರ್ಸಮ್ಮ ನಿನ್ನೆ ಬಂದು ಕೋಣೆ ನೋಡಿದಳು. ಕಿಟಕಿ ತೆಗೆದು ಹಾಕಿ ತೆಗೆದು ಹಾಕಿ, ಗಾಳಿ ಚೆನ್ನಾಗಿದೆ ಅಕ್ಕಾ, ಸೋಮವಾರ ಒಂದು ಮಾತು ಹೇಳಿಬಿಡಿ, ಇಲ್ಲಾಂದ್ರೆ ಬೇರೆ ಕಡೆ ನೋಡ್ಕೋತೀನಿ ಅಂದಳು. ಆಯ್ತಮ್ಮ ಅಂದೆ. ಅವಳು ಹೋದದ್ದೇ ಆ ಕಿಟಕಿಯನ್ನು ಭದ್ರವಾಗಿ ಮುಚ್ಚಿದೆ. ಅದನ್ನು ಧೂಳಿನ ಲೆಕ್ಕಕ್ಕೆ ಬರೆದೆ.

ಸರಿ, ಲೆಕ್ಕಕ್ಕೆ ಬರೋಣ. ನಾನು ಕನ್ನಡದಲ್ಲಿ ಪದವಿ ಪಡೆದು, ಮುದ್ರಣಾಲಯದಲ್ಲಿ ಕರಡು ತಿದ್ದಿಕೊಂಡಿರುವವಳು. ಭೌತಶಾಸ್ತ್ರ ನನಗೆ ಗಂಡನ ಕಡೆಯ ನೆಂಟ. ಅವರು ಹೋದ ಮೇಲೂ ಬಂದುಹೋಗುವುದನ್ನು ಬಿಟ್ಟಿಲ್ಲ. ನಿಮ್ಮಪ್ಪ ಕ್ಲಾಸಿನಲ್ಲಿ ಮಕ್ಕಳಿಗೆ ಹೇಳುತ್ತಿದ್ದುದು ನೆನಪಿದೆಯಲ್ಲ? ಮೊದಲು ಕೊಟ್ಟಿದ್ದು ಬರೀರಿ, ಆಮೇಲೆ ಕೇಳಿದ್ದು ಬರೀರಿ, ಹೆದರಿಕೆ ಅನ್ನೋದು ಎರಡರಲ್ಲೂ ಇರಲ್ಲ.

ಕೊಟ್ಟಿದ್ದು: ಮುಚ್ಚಿದ ಬಾಗಿಲ ಹಿಂದೆ, ಅಪ್ಪನ ಮೇಜಿನ ಮೇಲೆ, ಮರದ ಪೆಟ್ಟಿಗೆಗೆ ಸಿಕ್ಕಿಸಿದ ಶ್ರುತಿಕವೆ, ಅದೇ ಆ ಎರಡು ಕಡ್ಡಿಯ ಟ್ಯೂನಿಂಗ್ ಫೋರ್ಕು. ಯಾರೂ ಮುಟ್ಟದೆ ಅದು ಗುಂಯ್ ಅಂದಿತು. ನೀನು ಕೇಳಿದೆ, ಬಿಳಿಚಿಕೊಂಡೆ, ಅದೇ ವಾರ ಗಂಟುಮೂಟೆ ಕಟ್ಟಿ ಹಾಸ್ಟೆಲ್ ಸೇರಿದೆ. ಯಾರು ನುಡಿಸಿದರು ಎನ್ನುವುದು ಪ್ರಶ್ನೆ. ಕಳೆದ ಭಾನುವಾರ ನಾನು ಬಾಗಿಲು ತೆಗೆದಿಟ್ಟು, ಪಾತ್ರೆ ಉಜ್ಜುತ್ತ ಎಂದಿನ ಹಾಗೆ ಮೂಗಿನಲ್ಲೇ ರಾಗ ಎಳೆದೆ. ಉಸಿರಿಗೆಂದು ನಿಲ್ಲಿಸಿದಾಗ ಅದು ಒಳಗೆ ಇನ್ನೂ ಎಳೆಯುತ್ತಿತ್ತು. ಅನುನಾದ ಕಣೇ. ಒಂದರ ಕಂಪನ ಇನ್ನೊಂದರ ಸ್ವಂತ ಕಂಪನಕ್ಕೆ ಹೊಂದಿದರೆ, ಮುಟ್ಟದಿದ್ದರೂ ಅದು ಮಿಡಿಯುತ್ತದೆ. ನಿನ್ನ ಗೊಣಗಾಟದ ಶ್ರುತೀದೇ ಹುಡುಕಿ ತಂದಿದೀನಿ ಅಂತ ನಿಮ್ಮಪ್ಪ ನನ್ನನ್ನು ಛೇಡಿಸುತ್ತಿದ್ದರು. ನಾನು ತಮಾಷೆ ಅಂದುಕೊಂಡಿದ್ದೆ. ನೀನು ಕೇಳಿದ ದೆವ್ವ ನಾನೇ, ಪಾತ್ರೆ ತೊಳೆಯುವ ದೆವ್ವ.

ಇನ್ನು ವಿದ್ಯುತ್ತು. ಸೂತ್ರ ಮರೆಯಬೇಡ: ವ್ಯಾಟನ್ನು ಗಂಟೆಯಿಂದ ಗುಣಿಸು, ಸಾವಿರದಿಂದ ಭಾಗಿಸು, ಬಿಲ್ಲು ಬಂದಾಗ ಬಿಕ್ಕಳಿಸು. ನಾನು ಬಿಕ್ಕಳಿಸಿದೆ, ಯಾಕೆಂದರೆ ಒಬ್ಬಳೇ ಇರುವ ಮನೆಯಲ್ಲಿ ನಾನು ಉರಿಸಿದ್ದಕ್ಕೂ ಮೀಟರು ಓಡಿದ್ದಕ್ಕೂ ತಾಳೆಯಾಗುತ್ತಿರಲಿಲ್ಲ. ಹಾಗಾಗಿ ಕೆಲಸಕ್ಕೆ ಹೊರಡುವ ಮುನ್ನ ಎಲ್ಲ ಆರಿಸಿದೆ, ಫ್ರಿಜ್ಜನ್ನೂ. ಹಾಲು ಒಡೆಯಿತು, ವಿಜ್ಞಾನ ಉಳಿಯಿತು. ಸಂಜೆ ಬಂದು ನೋಡಿದರೆ ಬೀಗ ಹಾಕಿದ ಮನೆಯಲ್ಲಿ ಮೀಟರು 0.2 ಯೂನಿಟ್ ಮುಂದೆ ಹೋಗಿದೆ. ಅಪ್ಪನ ಮೇಜಿನ ದೀಪ ನಲವತ್ತು ವ್ಯಾಟಿನದು. ಭಾಗಿಸಿ ನೋಡು, ಐದು ಗಂಟೆ ಉರಿದಿದೆ. ಸೋಮವಾರ ಹಾಗೆ, ಮತ್ತೆ ಬುಧವಾರ ಹಾಗೆ.

ಸುಳ್ಳು ಹೇಳಲಾರೆ. ಚಪ್ಪಲಿ ಕೂಡ ಬಿಡದೆ ಆ ಬಾಗಿಲಲ್ಲಿ ನಿಂತೆ. ಬನ್ನಿ ಅನ್ನಲೋ, ಯಾರದು ಅನ್ನಲೋ ಗೊತ್ತಾಗಲಿಲ್ಲ. ಆಮೇಲೆ ಕಂಡಿತು ಅವರ ಸ್ಟೂಲು, ತಿರುಗಿಸಿದರೆ ಏರುವ ಇಳಿಯುವ ಆ ಕಬ್ಬಿಣದ್ದು. ನಿಮ್ಮಪ್ಪನ ಉದ್ದ ಕಾಲಿಗೆಂದು ಮೇಲೇರಿಸಿಟ್ಟದ್ದು ಇಷ್ಟು ದಿನ ಹಾಗೇ ಇತ್ತು. ನಾನಂತೂ ಅದರ ಮೇಲೆ ಕೂರುವುದಿಲ್ಲ, ಸೊಂಟ ಹಿಡಿಯುತ್ತದೆ. ಅವತ್ತು ಅದು ಪೂರ್ತಿ ಕೆಳಗಿಳಿದಿತ್ತು. ಹೊರಗಿನ ಬಲ ಬೀಳದೆ ನಿಂತದ್ದು ಅಲುಗಾಡದು, ಇದು ಅವರು ಕಲಿಸಿದ ಮೊದಲನೆಯ ನಿಯಮ. ಸತ್ತ ಮೇಲೆ ಮನುಷ್ಯ ಗಿಡ್ಡನಾಗುತ್ತಾನೆಂದು ಯಾವ ನಿಯಮವೂ ಹೇಳುವುದಿಲ್ಲ. ಕಾಲು ನೆಲಕ್ಕೆ ಮುಟ್ಟಲೆಂದು ಅದನ್ನು ಅಷ್ಟು ಇಳಿಸಬೇಕಾದವಳು ಈ ಮನೆಯಲ್ಲಿ ಒಬ್ಬಳೇ. ಅದಕ್ಕೇ ಅಲ್ಲವೇ ಅವರು ನಿನಗೆ ಮೊಳಕೆ ಎಂದು ಹೆಸರಿಟ್ಟದ್ದು?

ವಾರ್ಡನ್ನಿಗೆ ಫೋನ್ ಮಾಡಿದೆ. ನಿಮ್ಮ ಹುಡುಗಿ ಸೋಮವಾರ ಬುಧವಾರ ತಪ್ಪದೆ ಗ್ರಂಥಾಲಯಕ್ಕೆ ಹೋಗ್ತಾಳೆ, ತುಂಬ ಶ್ರದ್ಧೆ ಅಂದರು. ಹೌದು, ತುಂಬ ಶ್ರದ್ಧೆ ಎಂದು ನಾನೂ ತಲೆಯಾಡಿಸಿದೆ.

ಬೈಯುತ್ತಿಲ್ಲ. ಖಾಲಿ ಮಾಡು ಎಂದು ಕೈಯಲ್ಲಿ ಬರೆದು, ಕಾಲಲ್ಲಿ ಅಲ್ಲಿಗೇ ಬರುತ್ತೀಯ. ಆಯ್ತು ಎಂದು ಬಾಯಲ್ಲಿ ಹೇಳಿ, ನಾನು ಆ ಕೋಣೆಯ ಒಂದು ಬೆಂಕಿಪೊಟ್ಟಣವನ್ನೂ ಎತ್ತಿಟ್ಟಿಲ್ಲ. ತಾಯಿಗೆ ತಕ್ಕ ಮಗಳು. ನೀನು ಹೆದರಿ ಓಡಿದವಳಲ್ಲ. ಶ್ರುತಿಕವೆ ಇನ್ನೊಂದು ಸಲ ಗುಂಯ್ ಅನ್ನಲೆಂದು ಕಾಯಲು ಬರುವವಳು. ಅದು ಅನ್ನುವುದು ನಾನಿದ್ದಾಗ ಮಾತ್ರ. ನೀನು ಬರುವುದು ನಾನಿಲ್ಲದಾಗ. ಲೆಕ್ಕ ಎಲ್ಲಿ ತಪ್ಪಿತು ನೋಡು.

ಉಳಿದದ್ದು ವಿಕಿರಣದ ಪಾಠ. ಕಳೆದ ಪರೀಕ್ಷೆಯಲ್ಲಿ ನಿನ್ನನ್ನು ಮುಳುಗಿಸಿದ್ದು ಅದೇ. ಇದ್ದದ್ದು ಅರ್ಧಕ್ಕಿಳಿಯಲು ಹಿಡಿಯುವ ಕಾಲವೇ ಅರ್ಧಾಯು; ಅಂಥ ಎರಡು ಕಳೆದ ಮೇಲೆ ಎಷ್ಟು ಉಳಿಯುತ್ತದೆ ಎಂದರೆ ನೀನು ಸೊನ್ನೆ ಎಂದು ಬರೆದೆ. ಅರ್ಧ ಹೋಯ್ತು, ಇನ್ನರ್ಧಾನೂ ಹೋಯ್ತು, ಮುಗೀತಲ್ಲಮ್ಮ ಅಂತ ನನ್ನೊಡನೆ ವಾದ ಬೇರೆ. ಹೋಗುವುದು ಉಳಿದದ್ದರ ಅರ್ಧ ಕಣೇ; ಕಾಲುಭಾಗ ಹಾಗೇ ಇರುತ್ತದೆ. ನಿನಗಾಗಿ ಕಟ್ಟಿದ್ದೇನೆ, ಬಾಯಿಪಾಠ ಮಾಡಿಕೋ:

ಅರ್ಧದಲ್ಲಿ ಅರ್ಧ, ಅದರಲ್ಲೂ ಅರ್ಧ,
ಮುಗಿಯಿತೆಂದು ಬರೆದರೆ ಶುದ್ಧ ಅಬದ್ಧ.

‘ಎರಡು ವರ್ಷ ಆಯ್ತು, ಇನ್ನೇನು ಉಳಿದಿದೆ’ ಎಂಬ ನಿನ್ನ ಚೀಟಿಯಲ್ಲಿರುವುದೂ ಅದೇ ತಪ್ಪು. ಕರಡು ತಿದ್ದುವವಳ ಕಣ್ಣಿಗೆ ಬೀಳದೆ ಇರುತ್ತದೆಯೇ?

ಈ ಕಾಗದವನ್ನು ಒಗೆದ ಬಟ್ಟೆಯ ನಡುವೆ ಇಟ್ಟು ಕಳಿಸುತ್ತಿದ್ದೇನೆ. ಸೋಮವಾರ ನೀನು ಹೇಗೂ ‘ಗ್ರಂಥಾಲಯ’ಕ್ಕೆ ಬರುವವಳು. ನಾನು ರಜೆ ಹಾಕಿದ್ದೇನೆ. ಕದ್ದು ಬೀಗ ತೆಗೆಯಬೇಡ, ಬಾಗಿಲು ತಟ್ಟು. ನೀನು ಸ್ಟೂಲಿನ ಮೇಲೆ ಕೂತು ಲೆಕ್ಕ ಮಾಡು, ನಾನು ಪಕ್ಕದಲ್ಲಿ ಗೊಣಗುತ್ತೇನೆ. ಪರೀಕ್ಷೆವರೆಗೂ ಇಲ್ಲೇ ಇರು. ನರ್ಸಮ್ಮನಿಗೆ ಏನು ಹೇಳಬೇಕೆಂದು ನಿನ್ನ ಮುಖ ನೋಡಿ ಹೇಳುತ್ತೇನೆ. ನೀನು ಬರದಿದ್ದರೆ ಕೀಲಿಕೈ ಅವಳದು.

ನಿನ್ನ ದಾರಿ ಕಾಯುತ್ತ,
ಪಾತ್ರೆ ತೊಳೆಯುವ ದೆವ್ವ,
ಅಮ್ಮ

ಮರೆತಿದ್ದೆ, ಅಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಮುಂದೂಡಿದೆ: ಮೊನ್ನೆ ಗುರುವಾರ ನಿನಗೆ ಹಾಸ್ಟೆಲಿನಲ್ಲಿ ದಿನವಿಡೀ ಪೂರ್ವಪರೀಕ್ಷೆ. ನೀನು ಎದ್ದು ಆಚೆ ಹೋಗಲಿಲ್ಲ ಎಂದು ವಾರ್ಡನ್ ಹೇಳಿದರು. ನಾನು ಮುದ್ರಣಾಲಯದಲ್ಲಿದ್ದೆ. ಮನೆಗೆ ಬೀಗ, ಎಲ್ಲವನ್ನೂ ಆರಿಸಿದ್ದೆ. ನಿನ್ನನ್ನು ಕಳೆದೆ, ನನ್ನನ್ನು ಕಳೆದೆ, ಸೊನ್ನೆ ಬರಬೇಕಿತ್ತು. ಮೀಟರು 0.1 ತೋರಿಸಿತು, ಸ್ಟೂಲು ಮತ್ತೆ ನಿಮ್ಮಪ್ಪನ ಎತ್ತರಕ್ಕೆ ಏರಿತ್ತು. ನಾನು ಇಳಿಸಿಲ್ಲ. ಸೋಮವಾರ ಬಂದು ನೀನೇ ನೋಡು. ಉತ್ತರ ಬರೆಯುವ ಅವಸರದಲ್ಲಿ ಮಾತ್ರ ಮತ್ತೆ ಸೊನ್ನೆ ಹಾಕಬೇಡ.