ಮರಳಿ ಬಂದ ಚಿತ್ರಗಳು

ಮಾರ್ಚ್ ೧೪, ಶನಿವಾರ

ಇಂದು ಮನೆ ತುಂಬ ನೆರೆದಿದ್ದ ಎಲ್ಲರಿಗೂ ನನ್ನ ವಂದನೆ. ಅವರು ಹೊತ್ತು ತಂದ ಅನುಕಂಪ ಮಾತ್ರ ನನಗೆ ಬೇಡ.

ಮಗಳು ಜಗತ್ಪ್ರಸಿದ್ಧ ವರ್ಣಚಿತ್ರಗಳ ಅಚ್ಚುಪ್ರತಿಗಳಿಗೆ ಚೌಕಟ್ಟು ಹಾಕಿ, ಗ್ರಂಥಾಲಯದ ಪುಸ್ತಕಗಳಂತೆ ಬೀದಿಯವರಿಗೆಲ್ಲ ಎರವಲು ಕೊಡುತ್ತಿದ್ದಳು. ಜ್ವರ ಅವಳನ್ನು ಒಯ್ದದ್ದೇ ತಡ, ಅದೇ ಮರ್ಯಾದೆಯೆಂದು ಭಾವಿಸಿ ಎಲ್ಲರೂ ಚಿತ್ರಗಳನ್ನು ಹಿಂದಿರುಗಿಸಿದ್ದಾರೆ. ಪಡಸಾಲೆಯಲ್ಲಿ ಅವು ಗೋಡೆಗೆ ಮುಖ ಮಾಡಿ ನಿಂತಿವೆ. ಇದಕ್ಕಿಂತ ದೊಡ್ಡ ಅವಮಾನ ಅವಳಿಗೆ ಎಂದೂ ಆಗಿರಲಿಲ್ಲ.

ಬಾಮೈದ ಸಮಾಧಾನ ಹೇಳಲು ಬಂದ.

"ಎಷ್ಟಾದ್ರೂ ನಕಲು ತಾನೆ ಭಾವ? ರದ್ದಿಗೆ ಹಾಕ್ಬಿಡಿ."

"ಅಸಲು ನೋಡಿದೀಯೇನಯ್ಯಾ ನೀನು?"

"ನಾನೆಲ್ಲಿ ನೋಡ್ಲಿ! ಅದಕ್ಕೆ ವಿಮಾನ ಹತ್ಬೇಕು."

"ಹಾಗಾದ್ರೆ ವಾದ ಮುಗೀತು, ಕೂತ್ಕೋ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲೂ ನಾನು ಇಷ್ಟು ಬೇಗ ಗೆದ್ದವನಲ್ಲ. ಗೆದ್ದೆನೆಂದು ಹೇಳಿಕೊಳ್ಳಲು ಮಗಳಿಲ್ಲ. ಹಾಲು ಬಗ್ಗಿಸುವ ಹೆಂಗಸಿನ ಚಿತ್ರವನ್ನು ಮರಳಿಸಿದ ದರ್ಜಿಯ ಹೆಂಡತಿ ಬಾಗಿಲಲ್ಲಿ ನಿಂತು ಅದನ್ನೇ ತಿರುಗಿ ತಿರುಗಿ ನೋಡಿದಳು. ನೋಡುವ ಹಕ್ಕು ನನ್ನ ಮಗಳು ಕೊಟ್ಟ ಭಿಕ್ಷೆಯಲ್ಲ, ಅವಳೊಂದಿಗೆ ಮುಗಿದುಹೋಗಲು.

ಯಾರನ್ನೂ ಕೇಳಿಲ್ಲ, ಕೇಳುವುದೂ ಇಲ್ಲ. ನಾಳೆ ಬೆಳಿಗ್ಗೆ ಎಲ್ಲವನ್ನೂ ಕೈಗಾಡಿಗೆ ಹೇರಿ, ಮನೆಮನೆಗೂ ಒಯ್ದು, ನಾನೇ ತೂಗುಹಾಕುತ್ತೇನೆ. ಮೊದಲ ಮೊಳೆ ಬಾಮೈದನ ಗೋಡೆಗೆ.